ಓದುತ್ತಾಳೆ, ಹೇಳಲು ಬರುವುದಿಲ್ಲ

ಐದನೇ ತರಗತಿಯ ಹುಡುಗಿಯೊಬ್ಬಳು ಪಾಠವನ್ನು ತಡವರಿಸದೆ ಓದುತ್ತಾಳೆ. ಒತ್ತಕ್ಷರಗಳಲ್ಲೂ ಎಡವುವುದಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚಿಸಿ 'ಏನಿತ್ತು ಹೇಳಮ್ಮ' ಎಂದರೆ ನೆಲ ನೋಡುತ್ತಾಳೆ. ಒತ್ತಾಯ ಮಾಡಿದರೆ ಕೊನೆಯ ಸಾಲನ್ನೇ ಮತ್ತೆ ಒಪ್ಪಿಸುತ್ತಾಳೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದ ಯಾರಿಗಾದರೂ ಇಂಥ ಒಂದು ಮಗು ನೆನಪಾದೀತು. ಅದಕ್ಕೆ ಕೊಡುವ ಕಾರಣಗಳೂ ಸಿದ್ಧವಾಗಿಯೇ ಇರುತ್ತವೆ: ನಾಚಿಕೆ ಸ್ವಭಾವ, ಮನೇಲಿ ಓದ್ಸೋರಿಲ್ಲ, ಹುಡುಗಿ ಸ್ವಲ್ಪ ಮಂಕು.

ಇವುಗಳಲ್ಲಿ ಯಾವುದಾದರೊಂದು ನಿಜವೂ ಇರಬಹುದು. ಆದರೆ ಇನ್ನೊಂದು ಸಾಧ್ಯತೆಯಿದೆ, ಅದರ ಮಾತು ನಮ್ಮ ಶಾಲೆಗಳಲ್ಲಿ ಏಳುವುದೇ ಅಪರೂಪ. ಆ ಮಗುವಿಗೆ ಭಾಷೆಯೇ ಕಷ್ಟವಾಗಿರಬಹುದು. ಕಿವಿ ಕೇಳಿಸುತ್ತದೆ, ಉಚ್ಚಾರ ಸ್ಪಷ್ಟವಿದೆ, ಚೌಕಾಬಾರದಲ್ಲಿ ಅಕ್ಕನನ್ನೇ ಸೋಲಿಸುತ್ತಾಳೆ. ಉದ್ದನೆಯ ವಾಕ್ಯ ಬಂದಾಗ ಮಾತ್ರ ಅದರ ಅರ್ಥ ಕೈಗೆ ಸಿಗುವುದಿಲ್ಲ. ತಾನು ಕಂಡದ್ದನ್ನು ಕ್ರಮವಾಗಿ ಹೇಳಲು ಪದ ಒದಗುವುದಿಲ್ಲ. ಹೊಸ ಪದವನ್ನು ಉಳಿದವರು ಮೂರು ಸಲ ಕೇಳಿ ಕಲಿತರೆ ಇವಳಿಗೆ ಹತ್ತಾರು ಸಲ ಬೇಕಾಗುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಡೊರೊಥಿ ಬಿಷಪ್ ಮುಂದಾಳುತನದಲ್ಲಿ 57 ತಜ್ಞರು ಚರ್ಚಿಸಿ, 2017ರ ಹೊತ್ತಿಗೆ ಈ ಸ್ಥಿತಿಗೆ 'ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್' ಎಂಬ ಒಂದೇ ಹೆಸರನ್ನು ಒಪ್ಪಿಕೊಂಡರು. ಕನ್ನಡದಲ್ಲಿ ಬೆಳವಣಿಗೆಯ ಭಾಷಾ ತೊಂದರೆ ಎನ್ನೋಣ. ಅಪ್ಪ ಅಮ್ಮ ಸಾಕಿದ ರೀತಿಯಿಂದ, ಬಡತನದಿಂದ, ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಇದು ಹುಟ್ಟುವುದಿಲ್ಲ. ಕೆಲವು ಮನೆತನಗಳಲ್ಲಿ ಹರಿದುಬರುವುದುಂಟು. ಐದು ವರ್ಷ ದಾಟಿದ ಮೇಲೂ ಇದ್ದರೆ ತಾನಾಗಿ ಹೋಗುವುದು ಕಡಿಮೆ.

ಅಮೆರಿಕದ ಅಯೋವಾ ಸುತ್ತಮುತ್ತ ಬ್ರೂಸ್ ಟಾಂಬ್ಲಿನ್ ತಂಡ ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 7.4ರಷ್ಟು ಮಕ್ಕಳಲ್ಲಿ ಇಂಥ ತೊಂದರೆ ಕಂಡಿತು. ಇಂಗ್ಲೆಂಡಿನ ಸರ್‍ರೆಯಲ್ಲಿ ಕರ್ಟ್ನಿ ನಾರ್ಬರಿ ತಂಡ 2016ರಲ್ಲಿ ಕೊಟ್ಟ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ನನ್ನನ್ನು ಹೆಚ್ಚು ಕಾಡುವುದು ಅಯೋವಾದ ಇನ್ನೊಂದು ಅಂಕಿ: ಆ ಮಕ್ಕಳ ಹೆತ್ತವರಲ್ಲಿ ಶೇ 29ರಷ್ಟು ಮಂದಿಗೆ ಮಾತ್ರ ಅದಕ್ಕೆ ಮುಂಚೆ ಯಾರಾದರೂ ಈ ವಿಷಯ ಹೇಳಿದ್ದರು. ಶಾಲೆಗಳಲ್ಲೇ ಭಾಷಾ ತಜ್ಞರು ಸಿಗುವಂಥ ದೇಶದ ಸ್ಥಿತಿ ಅದು.

ನಮ್ಮಲ್ಲಿ ಇದು ಇನ್ನೂ ಆಳಕ್ಕೆ ಅಡಗುವುದಕ್ಕೆ ಕನ್ನಡದ ಲಿಪಿಯೂ ಒಂದು ಕಾರಣ. ಇಂಗ್ಲಿಷಿನಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ನೂರೆಂಟು ತಕರಾರು. ಅಲ್ಲಿ ಎಡವುವ ಮಗು ಬೇಗ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಅಕ್ಷರ, ಗುಣಿತ, ಒತ್ತು ಕಲಿತ ಮಗು ಅರ್ಥವೇ ತಿಳಿಯದ ಪುಟವನ್ನೂ ಗಟ್ಟಿಯಾಗಿ ಓದಿಬಿಡಬಲ್ಲದು. ಹಳ್ಳಿ ಹಳ್ಳಿಗೆ ಹೋಗಿ ಮಾಡುವ 'ಅಸರ್' ಸಮೀಕ್ಷೆಯೂ ಮಗು ಎರಡನೇ ತರಗತಿಯ ಪಠ್ಯವನ್ನು ಗಟ್ಟಿಯಾಗಿ ಓದುತ್ತದೆಯೇ ಎಂಬುದನ್ನು ನೋಡುತ್ತದೆ. ನಮ್ಮ ಹುಡುಗಿ ಅದರಲ್ಲಿ ಆರಾಮವಾಗಿ ಪಾಸಾಗುತ್ತಾಳೆ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರ ಸಮೂಹವನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳಲು ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಹಿಡಿಯಬಹುದೆಂದು ತೋರಿಸಿತು. ಹಾಗಾಗಿ ಮೂರನೇ ತರಗತಿಯ ಮಗು ನಿಧಾನವಾಗಿ ಓದಿದೊಡನೆ ಗಾಬರಿಯಾಗಬೇಕಿಲ್ಲ. ತಡವರಿಸಿ ಓದಿ ಕತೆಯನ್ನು ಸೊಗಸಾಗಿ ಹೇಳುವ ಮಗುವಿಗಿಂತ, ಸರಾಗವಾಗಿ ಓದಿ ಸುಮ್ಮನಾಗುವ ಮಗುವಿನ ಬಗ್ಗೆ ನನಗೆ ಆತಂಕ ಹೆಚ್ಚು.

ತೊಡಕು ಎಲ್ಲಿರುತ್ತದೆ ಎಂಬುದನ್ನು ಈ ಸೀಮೆಯದೇ ಮಾತಿನಿಂದ ನೋಡಬಹುದು. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಗೂಡಿನಲ್ಲಿ ಹದಮಾಡುವ ಕಾಲದಲ್ಲಿ ಅಪ್ಪ ಮಗನಿಗೆ ಹೇಳುತ್ತಾನೆ: 'ಬ್ಯಾರನ್‌ಗೆ ಸೊಪ್ಪು ಏರ್ಸೋಕ್ ಮುಂಚೆ ಸೌದೆ ತಂದಾಕು.' ಮಾತಿನಲ್ಲಿ ಮೊದಲು ಬಂದದ್ದು ಸೊಪ್ಪು, ಕೆಲಸದಲ್ಲಿ ಮೊದಲು ಆಗಬೇಕಾದ್ದು ಸೌದೆ. ಏಳೆಂಟು ವರ್ಷದ ಹೆಚ್ಚಿನ ಮಕ್ಕಳು ಈ ಹಿಂದುಮುಂದನ್ನು ತಾವಾಗಿ ಸರಿಪಡಿಸಿಕೊಳ್ಳುತ್ತಾರೆ. ಭಾಷಾ ತೊಂದರೆಯಿರುವ ಮಗು ಕಿವಿಗೆ ಬಿದ್ದ ಕ್ರಮದಲ್ಲೇ ಮಾಡಲು ಹೊರಡುತ್ತದೆ, ಇಲ್ಲವೇ ಅಣ್ಣ ಏನು ಮಾಡುತ್ತಾನೋ ನೋಡಿಕೊಂಡು ಅದನ್ನೇ ಮಾಡುತ್ತದೆ. 'ರವಿ ತಳ್ಳಿದ ಹುಡುಗ' ಎಂದರೆ ಬಿದ್ದವನು ಆ ಹುಡುಗ. 'ರವೀನ ತಳ್ಳಿದ ಹುಡುಗ' ಎಂದರೆ ಬಿದ್ದವನು ರವಿ. ನಡುವೆ ಇರುವುದು ಒಂದು ಸಣ್ಣ ಪ್ರತ್ಯಯ. 'ಅಜ್ಜಿ ಪಾಪೂಗೆ ಊಟ ಮಾಡಿಸ್ತು' ಎಂದಾಗ ಉಂಡವರು ಯಾರು? 'ಮಳೆ ಬಂದ್ರೂ ಹೋದ' ಎಂಬುದಕ್ಕೂ 'ಮಳೆ ಬಂದಿದ್ಕೆ ಹೋದ' ಎಂಬುದಕ್ಕೂ ಏನು ವ್ಯತ್ಯಾಸ? ಕನ್ನಡ ತನ್ನ ಅರ್ಥದ ಭಾರವನ್ನೆಲ್ಲ ಪದದ ತುದಿಗೆ ಕಟ್ಟುವ ಭಾಷೆ. ಆ ತುದಿ ಕೈತಪ್ಪಿದ ಮಗುವಿಗೆ ಪದಗಳು ಉಳಿಯುತ್ತವೆ, ಅವುಗಳ ನಡುವಿನ ಸಂಬಂಧ ಉಳಿಯುವುದಿಲ್ಲ. ಅದು ಸಂದರ್ಭ ನೋಡಿ ಊಹೆ ಮಾಡುತ್ತದೆ, ಮನೆಯಲ್ಲಿ ಆ ಊಹೆ ಹೆಚ್ಚಾಗಿ ಸರಿಹೋಗುತ್ತದೆ. ಆದ್ದರಿಂದಲೇ ತಾಯಿಗೂ ಎಷ್ಟೋ ವರ್ಷ ಅನುಮಾನ ಬರುವುದಿಲ್ಲ.

ಮಾತಾಡುವಾಗಲೂ ದೊಡ್ಡ ತಪ್ಪುಗಳು ಕಾಣುವುದಿಲ್ಲ. ಒಂದು ಚಿತ್ರಕತೆ ತೋರಿಸಿ ಹೇಳಿಸಿದರೆ ಬರುವುದು ಹೀಗಿರಬಹುದು: 'ಅದು ಬಂತು. ಆಮೇಲೆ ಅವ್ನು ಬಂದ. ಆಮೇಲೆ ಅದ್ನ ತಗಂಡ. ಆಮೇಲೆ ಬಿದ್ದೋಯ್ತು.' ಒಂದೊಂದು ವಾಕ್ಯವೂ ಸರಿ. ಯಾವುದು ಬಂತು, ಯಾರು ಬಂದರು, ಏಕೆ ಬಿತ್ತು ಎಂಬುದು ಕೇಳಿದವರಿಗೆ ತಿಳಿಯುವುದಿಲ್ಲ. ಅದೇ ವಯಸ್ಸಿನ ಪಕ್ಕದ ಮನೆಯ ಹುಡುಗ 'ಕಾಗೆ ರೊಟ್ಟಿ ಕಚ್ಕಂಡು ಆರೋಗ್ತಿತ್ತಾ, ನಾಯಿ ಬೊಗ್ಳಿದ್ಕೆ ಎದ್ರುಕೊಂಡು ಬಾಯ್ ಬುಟ್ಬುಡ್ತು' ಎನ್ನುತ್ತಾನೆ.

ಇಲ್ಲಿ ಶಿಕ್ಷಕರನ್ನು ಕೈಮುಗಿದು ಕೇಳಿಕೊಳ್ಳಬೇಕಾದ ಒಂದು ಮಾತಿದೆ. ಆ ಪಕ್ಕದ ಮನೆಯ ಹುಡುಗನ ಭಾಷೆ ಶ್ರೀಮಂತವಾದದ್ದು. 'ಹಾರು'ವುದನ್ನು 'ಆರು' ಎಂದ, 'ಶಾಲೆ'ಯನ್ನು 'ಸಾಲೆ' ಎನ್ನುತ್ತಾನೆ, 'ಬರುತ್ತೇನೆ'ಯನ್ನು 'ಬತ್ತೀನಿ' ಎನ್ನುತ್ತಾನೆ ಎಂದು ಅವನ ಪುಸ್ತಕದ ತುಂಬ ಕೆಂಪು ಶಾಯಿ ಬೀಳುತ್ತದೆ. ಅದು ಅವನ ಅಜ್ಜಿ, ಮುತ್ತಜ್ಜಿ ಆಡಿದ ಮೈಸೂರು ಸೀಮೆಯ ಕನ್ನಡ. ಅದರಲ್ಲಿ ರೋಗವಿಲ್ಲ, ಕೊರತೆಯಿಲ್ಲ. ಒಂದೇ ವಾಕ್ಯದಲ್ಲಿ ಮೂರು ಘಟನೆಗಳನ್ನು ಕಾರಣ ಸಮೇತ ಹೆಣೆಯುವ ಶಕ್ತಿ ಅವನಿಗಿದೆ. ಶುದ್ಧವಾಗಿ, ಚುಟುಕಾಗಿ, 'ಹೌದು ಸಾರ್', 'ಗೊತ್ತಿಲ್ಲ ಸಾರ್' ಎನ್ನುವ ಮಗುವಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ನಾವು ಆಡುನುಡಿಯನ್ನು ದೋಷವೆಂದು ಹಿಡಿಯುತ್ತೇವೆ, ದೋಷವಿದ್ದಲ್ಲಿ ಸುಮ್ಮನಿದ್ದುಬಿಡುತ್ತೇವೆ.

ಈ ತಪ್ಪು ಇನ್ನೂ ಕಠೋರವಾಗುವುದು ಕಾಡಂಚಿನಲ್ಲಿ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳು ಆಶ್ರಮ ಶಾಲೆಗೆ ಬರುವಾಗ ತಮ್ಮದೇ ನುಡಿ ಹೊತ್ತು ಬರುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಹುಣಸೂರಿನ ಗುರುಪುರದಲ್ಲಿ ಟಿಬೆಟನ್ ಮಕ್ಕಳಿದ್ದಾರೆ. ನಾಲ್ಕೂ ಪಟ್ಟಣಗಳಲ್ಲಿ ಉರ್ದು ಮನೆಮಾತಿನವರಿದ್ದಾರೆ. ಹಾಡಿಯ ಹುಡುಗ ಕನ್ನಡದ ಪ್ರಶ್ನೆಗೆ ಉತ್ತರಿಸಲಿಲ್ಲ ಎಂದಾಗ ಅವನಿಗೆ ಕನ್ನಡ ಹೊಸದೋ ಅಥವಾ ಭಾಷೆಯನ್ನು ಕಲಿಯುವ ಶಕ್ತಿಯಲ್ಲೇ ತೊಡಕಿದೆಯೋ ಎಂಬುದು ಕನ್ನಡದ ಪರೀಕ್ಷೆಯಿಂದ ಮಾತ್ರ ತಿಳಿಯದು. ನಿಜವಾದ ತೊಂದರೆ ಮಗು ಆಡುವ ಎಲ್ಲ ಭಾಷೆಗಳಲ್ಲೂ ಇರುತ್ತದೆ. ಆದ್ದರಿಂದ ಮೊದಲ ಪ್ರಶ್ನೆಯನ್ನು ತಾಯಿಗೆ, ಅಜ್ಜಿಗೆ ಕೇಳಬೇಕು: ನಿಮ್ಮ ಮಾತಲ್ಲಿ ಇವನು ಇವನ ಅಣ್ಣತಮ್ಮಂದಿರಷ್ಟೇ ಬೇಗ ಮಾತು ಕಲಿತನೆ? ಹಾಡಿಯ ಬೇರೆ ಮಕ್ಕಳ ಹಾಗೆ ಕಾಡಿನಲ್ಲಿ ಕಂಡದ್ದನ್ನು ಬಂದು ಹೇಳುತ್ತಾನೆಯೆ? ಅಜ್ಜಿ 'ಹೇಳ್ತಾನೆ, ನಿಲ್ಲಿಸೋದೇ ಇಲ್ಲ' ಎಂದರೆ ಚಿಂತೆ ಬೇಡ. ಅವನಿಗೆ ಬೇಕಾದ್ದು ಕನ್ನಡ ಕಲಿಯಲು ಸಮಯ ಮತ್ತು ಅವನ ನುಡಿಯನ್ನು ಬಲ್ಲ ಒಬ್ಬ ಶಿಕ್ಷಕರು.

ತಜ್ಞರು ಮಾಡುವ ತಪಾಸಣೆಯ ಬಗ್ಗೆ ನಮ್ಮ ಜನರಿಗೆ ಅಷ್ಟಾಗಿ ತಿಳಿದಿಲ್ಲ. ತಿಳಿದರೆ ಭಯವೂ ಕಡಿಮೆಯಾಗುತ್ತದೆ. ಮೊದಲು ಕಿವಿ. ಪದೇ ಪದೇ ಕಿವಿ ಸೋರುವ ಮಗುವಿಗೆ ಶ್ರವಣ ಪರೀಕ್ಷೆಯಾಗದೆ ಬೇರೇನನ್ನೂ ತೀರ್ಮಾನಿಸಬಾರದು. ಆಮೇಲೆ ಭಾಷೆ. ಪ್ರತಿಭಾ ಕಾರಂತ ಅವರು ಕನ್ನಡಕ್ಕೆಂದೇ ರೂಪಿಸಿದ 'ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್' ಧ್ವನಿ, ವಾಕ್ಯರಚನೆ, ಅರ್ಥ ಈ ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಅದರಲ್ಲಿ ಸರಿ ವಾಕ್ಯ, ತಪ್ಪು ವಾಕ್ಯಗಳನ್ನು ಹೇಳಿ ಯಾವುದು ಸರಿ ಎಂದು ಮಗುವನ್ನೇ ಕೇಳುವ ಭಾಗವಿದೆ. ಇಂಗ್ಲಿಷ್ ಪರೀಕ್ಷೆಗಳ ಅನುವಾದದಿಂದ ಮೇಲೆ ಹೇಳಿದ 'ರವೀನ' ಎಂಬುದರ ತೊಡಕು ಸಿಗುವುದೇ ಇಲ್ಲ, ಅದಕ್ಕೆ ಕನ್ನಡದ್ದೇ ಪರೀಕ್ಷೆ ಬೇಕು. ಅದು ನಮಗೆ ಇದೆ ಎಂಬುದು ಹೆಮ್ಮೆಯ ಸಂಗತಿ.

ಅರ್ಥವಿಲ್ಲದ ಪದಗಳನ್ನು ಹೇಳಿಸುವುದೂ ಒಂದು ವಿಧಾನ. 'ಪಗೀಮು', 'ದಮೂಲಿಟ' ಎಂಬಂಥ ಕಟ್ಟಿದ ಪದಗಳನ್ನು ಕೇಳಿಸಿ ಹಾಗೇ ಹೇಳು ಎನ್ನುತ್ತಾರೆ. ಇವನ್ನು ಯಾವ ಮನೆಯಲ್ಲೂ ಯಾರೂ ಕಲಿಸಿರುವುದಿಲ್ಲ. ಹಾಗಾಗಿ ಪುಸ್ತಕವಿರುವ ಮನೆ, ಇಲ್ಲದ ಮನೆ ಎಂಬ ಭೇದ ಇಲ್ಲಿ ಬಹಳ ಮಟ್ಟಿಗೆ ಕರಗುತ್ತದೆ. ಮೂರು, ನಾಲ್ಕು, ಐದಕ್ಷರಕ್ಕೆ ಹೋದಂತೆ ಭಾಷಾ ತೊಂದರೆಯಿರುವ ಮಗು ಜಾರತೊಡಗುತ್ತದೆ. ಹಳ್ಳಿಗಾಡಿನ ಮಕ್ಕಳಿಗೆ ನನ್ನ ಪ್ರಕಾರ ಎಲ್ಲಕ್ಕಿಂತ ನ್ಯಾಯವಾದದ್ದು ಕಲಿಸಿ ನೋಡುವ ಪರೀಕ್ಷೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಸುಮ್ಮಸುಮ್ಮನೆ ದೋಷವುಳ್ಳವರೆಂದು ಬದಿಗಿಡುತ್ತಿದ್ದುದನ್ನು ಕಂಡು ಎಲಿಜಬೆತ್ ಪೆನ್ಯಾ ಮತ್ತು ಜೊತೆಗಾರರು ಇದನ್ನು ಬೆಳೆಸಿದರು. ಮೊದಲು ಮಗುವಿನಿಂದ ಕತೆ ಹೇಳಿಸುವುದು, ಆಮೇಲೆ ಒಂದೆರಡು ದಿನ ಕತೆ ಕಟ್ಟುವ ಬಗೆ ಕಲಿಸುವುದು, ಮತ್ತೆ ಹೇಳಿಸುವುದು. ಅವಕಾಶವಿಲ್ಲದೆ ಹಿಂದುಳಿದ ಮಗು ಈ ಎರಡು ದಿನದಲ್ಲೇ ನೆಗೆಯುತ್ತದೆ. ತೊಂದರೆಯಿರುವ ಮಗು ಕಷ್ಟಪಟ್ಟರೂ ಇದ್ದಲ್ಲೇ ಇರುತ್ತದೆ, ಆಗ ಅದಕ್ಕೆ ನೆರವು ಬೇಕೆಂಬುದು ಖಚಿತವಾಗುತ್ತದೆ.

ಕಲಿಸುತ್ತಲೇ ಮಗುವನ್ನು ಗಮನಿಸುವ ಈ ಬಗೆಯ ನೋಟ ಈ ಸೀಮೆಗೆ ಹೊಸದೇನಲ್ಲ. ಒಂದೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ನಲಿ-ಕಲಿ ಹುಟ್ಟಿದ್ದೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಇಲ್ಲಿನ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಅದನ್ನು ಶುರುಮಾಡಿದರು; 2009ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹಬ್ಬಿತು. 'ರ, ಗ, ಸ, ದ, ಅ' ಎಂದು ಅಕ್ಷರ ಹಿಡಿದು ಮೇಲೇರುವ ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಲ್ಲಿ ನಿಂತರು ಎಂಬುದು ಗೋಡೆಯ ಮೇಲಿನ ಪ್ರಗತಿ ನೋಟದಲ್ಲೇ ಇರುತ್ತದೆ. ಭಾಷಾ ತೊಂದರೆಯನ್ನು ಬೇಗ ಗುರುತಿಸಲು ಇದಕ್ಕಿಂತ ಒಳ್ಳೆಯ ಸಾಧನ ಎಲ್ಲಿ ಸಿಕ್ಕೀತು? ಒಂದೇ ಕೊರತೆ. ಕಾರ್ಡು ಓದಿದರೆ ಮೆಟ್ಟಿಲು ದಾಟಿದಂತಾಗುತ್ತದೆ. ಕೆಲವು ಮೆಟ್ಟಿಲುಗಳಲ್ಲಿ 'ಕೇಳಿದ ಕತೆಯನ್ನು ತನ್ನ ಮಾತಿನಲ್ಲಿ ಹೇಳಿತು' ಎಂಬುದನ್ನೂ ಗುರುತಿಸಿಕೊಳ್ಳುವಂತಾದರೆ ನಮ್ಮ ಹುಡುಗಿ ಐದನೇ ತರಗತಿಯವರೆಗೆ ಕಾಯಬೇಕಾಗಿ ಬರುವುದಿಲ್ಲ. ಅದಕ್ಕೆ ಹೊಸ ಯೋಜನೆ, ಹೊಸ ಹಣ ಬೇಡ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರ ಪಟ್ಟಿಯ ಸ್ಥಿತಿಗಳಲ್ಲಿ ಮಾತು ತಡವಾಗುವುದೂ ಇದೆ, ಕಲಿಕಾ ತೊಂದರೆಯೂ ಇದೆ. ಹಲ್ಲು, ಕಣ್ಣು, ರಕ್ತಹೀನತೆ ನೋಡುತ್ತ ಒಂದು ಶಾಲೆ ಮುಗಿಸುವ ವೈದ್ಯರಿಗೆ, ಹೆಸರು ಕೇಳಿದರೆ ಹೇಳುವ ಆರನೇ ತರಗತಿಯ ಮಗುವಿನ ವಾಕ್ಯದ ತೊಡಕು ಕಾಣಲಾರದು. ಅದನ್ನು ಕಂಡು ಅವರಿಗೆ ಹೇಳಬೇಕಾದವರು ತರಗತಿಯ ಶಿಕ್ಷಕರೇ.

ಹೈಸ್ಕೂಲಿಗೆ ಬಂದ ಮೇಲೆ ಚಿತ್ರ ಬದಲಾಗುತ್ತದೆ. ಪಾಠದ ವಾಕ್ಯಗಳು ಉದ್ದವಾಗುತ್ತವೆ, 'ಕಾರಣ ಕೊಡಿ', 'ಹೋಲಿಸಿ', 'ಸಮರ್ಥಿಸಿ' ಎಂಬ ಪ್ರಶ್ನೆಗಳು ಬರುತ್ತವೆ. ಗಾದೆಯನ್ನು ವಿಸ್ತರಿಸು ಎಂದರೆ 'ಹಿತ್ತಲ ಗಿಡ ಮದ್ದಲ್ಲ' ಎಂಬುದಕ್ಕೆ ಗಿಡದ ಬಗ್ಗೆಯೇ ಬರೆಯುತ್ತಾರೆ. ಇಷ್ಟು ವರ್ಷ ಉರು ಹೊಡೆದು ಪಾರಾಗಿದ್ದ ಮಗು ಈಗ ಮುಳುಗತೊಡಗುತ್ತದೆ, ಆದರೆ ಹದಿಮೂರು ಹದಿನಾಲ್ಕರ ವಯಸ್ಸು ಅದನ್ನು ಮುಚ್ಚಿಡುವುದನ್ನೂ ಕಲಿಸಿರುತ್ತದೆ. ಒಬ್ಬ ಮಾತೇ ಬಿಡುತ್ತಾನೆ. ಒಬ್ಬ ತರಗತಿಯ ನಗೆಗಾರನಾಗುತ್ತಾನೆ. ಒಬ್ಬಳು ಗೆಳತಿಯರ ಹರಟೆಯ ವೇಗಕ್ಕೆ ಸಿಗದೆ ಒಂಟಿಯಾಗುತ್ತಾಳೆ. ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಶಾಲೆ ತಪ್ಪಿಸುವವರಲ್ಲಿ ಎಲ್ಲರೂ ಬಡತನದಿಂದಲೇ ತಪ್ಪಿಸುವುದಿಲ್ಲ. ಸೊಪ್ಪು ಪೋಣಿಸುವ ಕೈಗೆ ಸಿಗುವ ಶಹಬಾಸ್‌ಗಿರಿ ತರಗತಿಯಲ್ಲಿ ಸಿಗದವರೂ ಅವರಲ್ಲಿದ್ದಾರೆ ಎಂದು ನಾನು ನಂಬುತ್ತೇನೆ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆಗುವುದು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ. ಹೊಡೆದಾಟವಾಗಿದೆ, ಇಬ್ಬರನ್ನು ಕರೆಸಿದ್ದಾರೆ. ಮಾತು ಬಲ್ಲವನು ಮೊದಲಿನಿಂದ ಕೊನೆಯವರೆಗೆ ಒಪ್ಪವಾಗಿ ಹೇಳುತ್ತಾನೆ. ಇನ್ನೊಬ್ಬನಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಲು ಬರುವುದಿಲ್ಲ. ಎರಡನೇ ಸಲ ಕೇಳಿದರೆ ಬೇರೆ ಥರ ಬರುತ್ತದೆ. ಸುಳ್ಳುಗಾರ ಎಂಬ ಮುದ್ರೆ ಬೀಳುತ್ತದೆ; ತಲೆ ತಗ್ಗಿಸಿ ನಿಂತರೆ ಸೊಕ್ಕು ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಬಾಲಾಪರಾಧಿಗಳನ್ನು ಇರಿಸುವ ಸಂಸ್ಥೆಗಳಲ್ಲಿ ಕ್ಯಾರನ್ ಬ್ರಯನ್ ಮತ್ತಿತರರು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಹುಡುಗರಲ್ಲಿ ಭಾಷೆಯ ತೊಡಕು ಕಂಡಿತು. ಅವರಲ್ಲಿ ಬಹುಪಾಲು ಮಂದಿಯನ್ನು ಅಲ್ಲಿಯವರೆಗೆ ಯಾರೂ ಗುರುತಿಸಿರಲಿಲ್ಲ.

ಕಾನೂನು ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅದರ 'ಮಾತು ಮತ್ತು ಭಾಷೆಯ ವೈಕಲ್ಯ' ಎಂಬ ವಿಭಾಗ ಗಂಟಲ ಶಸ್ತ್ರಕ್ರಿಯೆ, ಪಾರ್ಶ್ವವಾಯುವಿನಂಥ ಕಾರಣಗಳಿಂದ ಮಾತು ಕಳೆದುಕೊಂಡವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮ ಮಕ್ಕಳಿಗೆ ಬಾಗಿಲು ತೆರೆಯುವುದು 'ನಿರ್ದಿಷ್ಟ ಕಲಿಕಾ ವೈಕಲ್ಯ' ಎಂಬ ವಿಭಾಗ. ಅದರ ವ್ಯಾಖ್ಯೆಯಲ್ಲಿ ಆಡುವ ಭಾಷೆ, ಬರೆಯುವ ಭಾಷೆ ಎರಡೂ ಸೇರಿವೆ, ಅರ್ಥಮಾಡಿಕೊಳ್ಳುವ ಕಷ್ಟವೂ ಸೇರಿದೆ. ಓದು ಬರಹದ ತೊಡಕಿಗಷ್ಟೇ ಇದು ಎಂದು ಕಚೇರಿಯಲ್ಲಿ ಯಾರಾದರೂ ಹೇಳಿದರೆ ಆ ವ್ಯಾಖ್ಯೆಯನ್ನು ಓದಿಸಿ. ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಆದರೆ ಪ್ರಶ್ನೆಯೇ ಅರ್ಥವಾಗದ ಹುಡುಗನಿಗೆ ಉತ್ತರ ಬರೆಯುವವರನ್ನು ಕೊಟ್ಟು ಏನು ಪ್ರಯೋಜನ? ಅವನಿಗೆ ಬೇಕಾದ್ದು ಅದೇ ಪ್ರಶ್ನೆಯನ್ನು ಎರಡು ಚಿಕ್ಕ ವಾಕ್ಯ ಮಾಡಿ ಹೇಳುವವರು. ಎಸ್ಸೆಸ್ಸೆಲ್ಸಿ ಮಂಡಳಿ ಇದನ್ನು ಯೋಚಿಸಬೇಕು.

ತಪಾಸಣೆಗೆ ಹೋಗಲು ಈ ನಾಲ್ಕು ತಾಲ್ಲೂಕುಗಳವರು ಬೆಂಗಳೂರು ಹತ್ತಬೇಕಿಲ್ಲ. 1965ರಲ್ಲಿ ಹುಟ್ಟಿದ, ಕೇಂದ್ರ ಆರೋಗ್ಯ ಸಚಿವಾಲಯದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, ಹುಣಸೂರು, ಕೆ.ಆರ್. ನಗರಗಳಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಕೆ.ಆರ್. ನಗರಕ್ಕೆ ಹತ್ತಿರದ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಂಸ್ಥೆ ಹೊರ ಸೇವಾ ಕೇಂದ್ರ ನಡೆಸುತ್ತ ಬಂದಿದೆ. ಡಿ.ಬಿ. ಕುಪ್ಪೆಯಂಥ ಕಾಡಿನೊಳಗಿನ ಊರಿನವರಿಗೆ ಮಾತ್ರ ಮೈಸೂರು ಎಂದರೆ ಒಂದು ದಿನದ ಕೂಲಿ ಬಿಟ್ಟ ಹಾಗೆಯೇ. ಅಲ್ಲಿಗೆ ತಜ್ಞರು ತಿಂಗಳಿಗೊಮ್ಮೆಯಾದರೂ ಬರುವಂತೆ ಕೇಳುವ ಹಕ್ಕು ಆ ಪಂಚಾಯಿತಿಗಳಿಗಿದೆ.

ಹೋಗುವವರು ಬರಿಗೈಯಲ್ಲಿ ಹೋಗಬೇಡಿ. ಮಗುವಿನ ಕನ್ನಡ, ಸಮಾಜ ಪುಸ್ತಕಗಳನ್ನು ಒಯ್ಯಿರಿ. ಅದು ಮನೆಯಲ್ಲಿ, ತನ್ನದೇ ಮಾತಿನಲ್ಲಿ, ಜಾತ್ರೆಯನ್ನೋ ನೋಡಿದ ಸಿನಿಮಾವನ್ನೋ ವಿವರಿಸುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಏಕೆಂದರೆ ಹೊಸ ಕೋಣೆಯಲ್ಲಿ ಹೊಸಬರ ಮುಂದೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಕಿವಿ ಯಾವಾಗ ಸೋರಿತ್ತು, ಮೊದಲ ಮಾತು ಯಾವಾಗ ಬಂತು, ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಮಾತು ತಡವಾಗಿತ್ತೆ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡಿರಿ. ವರದಿ ಇಂಗ್ಲಿಷಿನಲ್ಲಿ ಬಂದರೆ ಅದರ ಸಾರವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ತರಗತಿಯಲ್ಲಿ ಮಗುವಿಗೆ ಹೇಗೆ ಹೇಳಬೇಕು, ಉತ್ತರಕ್ಕೆ ಎಷ್ಟು ಕಾಯಬೇಕು, ಯಾವ ಪದಗಳನ್ನು ಪಾಠಕ್ಕೆ ಮುಂಚೆಯೇ ಕಲಿಸಬೇಕು ಎಂಬ ನಾಲ್ಕು ಸಾಲು ಅದರಲ್ಲಿ ಇರಲೇಬೇಕು. ಒಂದು ಪ್ರತಿಯನ್ನು ತರಗತಿ ಶಿಕ್ಷಕರಿಗೆ ಕೊಡಿ, ಇನ್ನೊಂದನ್ನು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇರುವ ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ಕೊಟ್ಟು, ಅವರು ಶಾಲೆಗೆ ಬರುವ ದಿನ ಯಾವುದೆಂದು ಕೇಳಿಕೊಂಡು ಬನ್ನಿ.